ಸೋಸಿದ ದನಿ

ಮಾತಿನಿಂದ ಹೊಟ್ಟೆ ಹೊರೆಯುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ: ವಕೀಲರು, ದಲ್ಲಾಳಿಗಳು, ಸಂಬಂಧ ಕುದುರಿಸುವವರು. ಇವರೆಲ್ಲ ಮಾತನ್ನು ರಾಶಿಯಲ್ಲಿ ಮಾರುತ್ತಾರೆ. ಮಾತಿನ ಮೇಷ್ಟರು ಹಾಗಲ್ಲ. ಅವರು ಮಾತನ್ನು ಮೊರಕ್ಕೆ ಹಾಕಿ, ಕೇರಿ, ಕಲ್ಲು ಆರಿಸಿ ಕೊಡುವವರು. ಪ್ರೌಢಶಾಲೆಯಲ್ಲಿ ಅವರಿಗೆ ಭಾಷೆಯ ಪಾಠವೂ ಇತ್ತು. ಆದರೆ ಜನ ಅವರನ್ನು ಗುರುತಿಸುತ್ತಿದ್ದುದು ವಾರಕ್ಕೆ ಎರಡು ಸಲ ಅವರು ನಡೆಸುತ್ತಿದ್ದ ಮಾತಿನ ತರಗತಿಯಿಂದ.

ಮೇಷ್ಟರಾಗುವ ಮೊದಲು ಆರು ವರ್ಷ ಅವರು ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಬಸ್ಸುಗಳ ಹೊತ್ತು ಹೇಳುತ್ತಿದ್ದರು. ತಮ್ಮ ದನಿಗೆ ಹೆದರಿ ಬಸ್ಸುಗಳು ಸರಿಯಾದ ಹೊತ್ತಿಗೆ ಹೊರಡುತ್ತಿದ್ದವು ಎಂದು ಅವರು ಹೇಳಿಕೊಳ್ಳುತ್ತಿದ್ದರು. ಬಸ್ಸುಗಳು ಹಾಗೆ ಹೇಳಿದ್ದನ್ನು ಯಾರೂ ಕೇಳಿಲ್ಲ. ಆ ಗೂಡು ಅವರಿಗೆ ಕಲಿಸಿದ್ದು ಒಂದೇ: ಮಾತಿನ ನಡುವೆ 'ಆಂ', 'ಊಂ' ಎಂದು ಎಳೆದರೆ ಯಾರದೋ ಬಸ್ಸು ತಪ್ಪುತ್ತದೆ. ಅಲ್ಲಿಂದ ಮುಂದೆ ಅವರು ಮನೆಯಲ್ಲೂ ಒಂದು ಚೂರು ಕಲ್ಲಿಲ್ಲದೆ ಮಾತಾಡತೊಡಗಿದರು. ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದ ಅವರ ಹೆಂಡತಿ ನೆರೆಯವರ ಮುಂದೆ, "ಇವರ ಜೊತೆ ಜಗಳ ಆಡೋದೂ ಕಷ್ಟ ಕಣ್ರೀ. ಬೈದ್ರೆ, ಬೈಗುಳ ಚೆನ್ನಾಗಿತ್ತು, ಸ್ವಲ್ಪ ನಿಧಾನವಾಗಿ ಹೇಳು ಅಂತಾರೆ," ಎನ್ನುತ್ತಿದ್ದರು.

ಶಾಲೆಗೆ ಮೊದಲ ಕಂಪ್ಯೂಟರುಗಳು ಬಂದಾಗ ಉಳಿದ ಮೇಷ್ಟರುಗಳು ಅವಕ್ಕೆ ಬಟ್ಟೆ ಹೊದಿಸಿ ದೂರ ನಿಂತರು. ಮಾತಿನ ಮೇಷ್ಟರು ಒಂದನ್ನು ಕೇಳಿ ಪಡೆದು ಹಳೆಯ ನಕಾಶೆ ಇಡುವ ಕೋಣೆಗೆ ಹೊತ್ತು ತಂದರು. ದನಿ ಗೋಡೆಗೆ ಬಡಿದು ಹಿಂದೆ ಬರಬಾರದೆಂದು ನಾಲ್ಕೂ ಕಡೆ ಹಳೆಯ ಕಂಬಳಿಗಳನ್ನು ತೂಗುಹಾಕಿದರು. ಮಕ್ಕಳ ಉಸಿರು ಮೈಕಿಗೆ ರಪ್ಪೆಂದು ಹೊಡೆಯದಂತೆ ಹೆಂಡತಿಯ ಕಸೂತಿ ಬಳೆಗೆ ಲೈನಿಂಗ್ ಬಟ್ಟೆ ಬಿಗಿದು ಮೈಕಿನ ಮುಂದೆ ಕಟ್ಟಿದರು. ಹುಡುಗರು ಒಬ್ಬೊಬ್ಬರಾಗಿ ಅದರ ಮುಂದೆ ನಿಂತು ಮಾತಾಡಬೇಕು. ಪರದೆಯ ಮೇಲೆ ಅವರ ದನಿ ಏರಿಳಿಯುವ ಗೆರೆಯಾಗಿ ಓಡುತ್ತಿತ್ತು. ಆಮೇಲೆ ಮೇಷ್ಟರು ಅದನ್ನೇ ಎಲ್ಲರಿಗೂ ಕೇಳಿಸುತ್ತಿದ್ದರು. ಮೊದಲ ಸಲ ಕೇಳಿದ ಪ್ರತಿಯೊಬ್ಬರೂ ಹೇಳುವುದು ಒಂದೇ: "ಇದು ನಾನಲ್ಲ ಸಾರ್."

"ನೀನೇ. ಎಲ್ಲರಿಗೂ ಗೊತ್ತಿತ್ತು, ನಿನಗೊಬ್ಬನಿಗೆ ಇವತ್ತು ಗೊತ್ತಾಯ್ತು," ಎನ್ನುವುದು ಅವರ ಸಿದ್ಧ ಉತ್ತರ.

ಅವರ ನಿಜವಾದ ಕಸುಬು ಇದಾದ ಮೇಲೆ ಶುರುವಾಗುತ್ತಿತ್ತು. ಮಾತಿನ ನಡುವೆ ಬರುವ ಎಳೆತ, ತಡವರಿಕೆ, ಗಂಟಲು ಕೆರೆತಗಳಿಗೆ ಅವರು ಕಲ್ಲು ಎಂದು ಹೆಸರಿಟ್ಟಿದ್ದರು. ಒಬ್ಬ ಮಾತಾಡುವಾಗ ಉಳಿದವರು ಒಂದೊಂದು ಕಲ್ಲಿಗೂ ಬೆರಳಿನಿಂದ ಡೆಸ್ಕು ತಟ್ಟಬೇಕು. ಮಕ್ಕಳು ಮನೆಗೆ ಹೋದ ಮೇಲೆ ಅವರು ಹೆಡ್‌ಫೋನು ಹಾಕಿಕೊಂಡು ಆ ಗೆರೆಯಲ್ಲಿ ಕಲ್ಲಿರುವಷ್ಟು ಭಾಗವನ್ನು ಮೌಸಿನಿಂದ ಹಿಡಿದು ಕತ್ತರಿಸಿ ಹಾಕುತ್ತಿದ್ದರು. ಆ ತಟ್ಟುವ ಸದ್ದನ್ನೂ, ಫ್ಯಾನಿನ ಗುಂಯ್‌ಗುಡುವಿಕೆಯನ್ನೂ, ಹಿಂದಿನ ಬೆಂಚಿನ ಪಿಸುಮಾತನ್ನೂ ತೆಗೆಯಲು ಯಂತ್ರದಲ್ಲೇ ಒಂದು ಉಪಾಯವಿತ್ತು. ಮರುದಿನ ಹುಡುಗ ತನ್ನದೇ ದನಿಯನ್ನು ಕಲ್ಲಿಲ್ಲದೆ ಕೇಳುತ್ತಿದ್ದ. "ನೋಡು, ನೀನು ಹೀಗೆ ಮಾತಾಡಬಲ್ಲೆ," ಎನ್ನುತ್ತಿದ್ದರು. ಹುಡುಗ ತನ್ನನ್ನೇ ನಕಲು ಮಾಡುತ್ತ ಮಾಡುತ್ತ ಸರಿಹೋಗುತ್ತಿದ್ದ. ಪಾಠ ಸುಳ್ಳಲ್ಲ. ಹೆಸರು ಕೇಳಿದರೆ ನೆಲ ನೋಡುತ್ತಿದ್ದವನೊಬ್ಬ ಇವತ್ತು ಹರಾಜು ಕೂಗುತ್ತಾನೆ. ಅವನ ಬಾಯಿಗೆ ಸಿಕ್ಕ ಮುರುಕು ಮೇಜೂ ಎರಡರಷ್ಟು ಬೆಲೆಗೆ ಹೋಗುತ್ತದೆ.

ಕಂಪ್ಯೂಟರಿನ ಹೊಟ್ಟೆ ಚಿಕ್ಕದು. ಹಾಗಾಗಿ ಸೋಸಿದ್ದನ್ನು ಇಟ್ಟುಕೊಂಡು, ಸೋಸದೆ ಇದ್ದದ್ದನ್ನು ಪ್ರತಿ ಶನಿವಾರ ಅಳಿಸಿಬಿಡುವುದು ಮೇಷ್ಟರ ರೂಢಿ. ಅಕ್ಕಿ ಇಟ್ಟುಕೊಂಡವರು ಕಲ್ಲಿಗೂ ಒಂದು ಡಬ್ಬಿ ಇಡುತ್ತಾರೆಯೇ?

ಶಾಲೆಯ ಎದುರು ಬೀದಿಯಲ್ಲಿ ಗುಂಡಿ ಅಂಗಡಿ ಇತ್ತು. ಗುಂಡಿ, ದಾರ, ಜಿಪ್ಪು, ಕೊಕ್ಕೆ ಬಿಟ್ಟರೆ ಬೇರೇನೂ ಮಾರದ ಅಂಗಡಿ. ಅದರ ಸಾಹುಕಾರರ ಒಬ್ಬಳೇ ಮಗಳು ಹತ್ತನೇ ತರಗತಿಯಲ್ಲಿದ್ದಳು. ಹಾಜರಿ ಪುಸ್ತಕದಲ್ಲಿ ಅವಳಿಗೆ ಏನೋ ಒಂದು ಹೆಸರಿತ್ತು; ತರಗತಿಯಲ್ಲಿ ಮಾತ್ರ ಎಲ್ಲರ ಬಾಯಲ್ಲಿ ಅವಳು 'ಅಂದ್ರೆ'. ಆ ಪದದ ಊರುಗೋಲಿಲ್ಲದೆ ಅವಳ ಮಾತು ಹೊಸಿಲು ದಾಟುತ್ತಿರಲಿಲ್ಲ. ಮಾತು ಶುರು ಮಾಡುವ ಮೊದಲು ಮೂಗಿನಲ್ಲಿ ಒಂದು ನಗು, ನಡುವೆ ಎಲ್ಲೋ ಮರೆತು ಒಂದು ನಿಲುಗಡೆ, ಮತ್ತೆ ತನಗೆ ತಾನೇ ಒಂದು 'ಹೂಂ'.

"ಎಷ್ಟು ಕಲ್ಲು ಗೊತ್ತಾ?" ಎಂದು ಒಮ್ಮೆ ಮೇಷ್ಟರು ಕೇಳಿದರು.

"ಅಂದ್ರೆ... ಹತ್ತಾ ಸಾರ್?"

"ಮೂವತ್ತೊಂದು. ಈಗಿನದು ಸೇರಿ ಮೂವತ್ತೆರಡು."

"ಅಂದ್ರೆ ಇದನ್ನೂ ಸೇರಿಸ್ತೀರಾ?"

"ಮೂವತ್ಮೂರು."

ತರಗತಿಯೆಲ್ಲ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ.

ಆ ವರ್ಷ ಹಲವು ಊರುಗಳ ಶಾಲೆಗಳಿಗೆ ಸೇರಿ ಒಂದು ಭಾಷಣ ಸ್ಪರ್ಧೆ ಇತ್ತು. ಮೊದಲ ಸುತ್ತಿಗೆ ಯಾರೂ ಹೋಗಬೇಕಾಗಿಲ್ಲ; ಎರಡು ನಿಮಿಷದ ಮಾತನ್ನು ಸಿಡಿಯಲ್ಲಿ ಕಳಿಸಿದರೆ ಸಾಕು. ಶಾಲೆಯಿಂದ ಒಬ್ಬರಿಗೇ ಅವಕಾಶ. ಚೊಕ್ಕವಾಗಿ ಮಾತಾಡುವ ಹುಡುಗರು ನಾಲ್ಕು ಮಂದಿ ಇದ್ದರು, ಆದರೆ ಅವರ ಹತ್ತಿರ ಹೇಳಲು ಏನೂ ಇರಲಿಲ್ಲ. ಗುಂಡಿ ಅಂಗಡಿಯವರ ಮಗಳ ಹತ್ತಿರ ಇತ್ತು. ಒಂದೇ ಒಂದು ಗುಂಡಿ ಉದುರಿಹೋದವರು ಅಂಗಡಿಗೆ ಹೇಗೆ ಬರುತ್ತಾರೆ, ಉಳಿದ ಐದು ಗುಂಡಿಗಳನ್ನು ಹೇಗೆ ಬೆರಳಿನಿಂದ ತೋರಿಸುತ್ತಾರೆ, ಅದೇ ಸಿಗದೆ ಹೋದಾಗ ಆರನ್ನೂ ಹೊಸದಾಗಿ ಕೊಳ್ಳಲು ಹೇಗೆ ಹಿಂದೆಮುಂದೆ ನೋಡುತ್ತಾರೆ ಎಂಬುದನ್ನು ಅವಳು ಹೇಳಿದಳು. ಬಾಲ್ಯವೆಲ್ಲ ಗಲ್ಲಾದ ಪಕ್ಕ ಕೂತು ಕಂಡದ್ದು. ತೆಗೆದುಕೊಂಡದ್ದು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.

ಮೇಷ್ಟರು ಎರಡು ಸಂಜೆ ಕೂತು ಅದನ್ನು ಸೋಸಿದರು. 'ಅಂದ್ರೆ'ಗಳು ಹೋದವು, ನಗು ಹೋಯಿತು, ನಿಲುಗಡೆಗಳು ಹೋದವು, ಉಸಿರೂ ಹೋಯಿತು. ಒಂದು ನಿಮಿಷ ಐವತ್ತೆಂಟು ಸೆಕೆಂಡಿಗೆ ಬಂದು ನಿಂತಿತು. ಅಷ್ಟು ನಯವಾದ ಕೆಲಸ ಅವರ ಕೈಯಿಂದ ಹಿಂದೆ ಆಗಿರಲಿಲ್ಲ.

ಹುಡುಗಿ ಹೆಡ್‌ಫೋನಿನಲ್ಲಿ ಮೂರು ಸಲ ಕೇಳಿದಳು. ಈ ಸಲ ನಗಲಿಲ್ಲ.

"ಸಾರ್, ನಾನು ಇಷ್ಟು ಚೆನ್ನಾಗಿ ಮಾತಾಡ್ತೀನಾ?"

"ಮಾತಾಡಬೇಕು. ಮುಂದಿನ ಸುತ್ತು ವೇದಿಕೆ ಮೇಲೆ. ಅಲ್ಲಿ ಕತ್ತರಿ ಹಿಡಿದು ನಾನು ಪಕ್ಕದಲ್ಲಿ ನಿಂತಿರಲ್ಲ."

ಅವಳು ಅಭ್ಯಾಸಕ್ಕೆ ಇಳಿದಳು. ವಾರ ಕಳೆಯುತ್ತಿದ್ದಂತೆ ಡೆಸ್ಕಿನ ಮೇಲೆ ಬೆರಳು ಬೀಳುವುದು ಕಡಿಮೆಯಾಯಿತು. ಮೂವತ್ತು ಇದ್ದದ್ದು ಹದಿನೆಂಟು, ಏಳು, ಎರಡು. ಕಲ್ಲಿನ ಜೊತೆಗೆ ಅವಳ ಮಾತೂ ಕಡಿಮೆಯಾಗಿತ್ತು, ಬೆಂಚಿನಲ್ಲಿ ಕೂತವಳು ಹೇಳಬೇಕಾದ್ದನ್ನು ಬಾಯೊಳಗೇ ಒಮ್ಮೆ ಅಳೆದು, ಎಷ್ಟೋ ಸಲ ಹೊರಗೆ ಬಿಡದೆ ನುಂಗಿಬಿಡುತ್ತಿದ್ದಳು. ಮೇಷ್ಟರು ಇದನ್ನು ಗಮನಿಸಿದರು, ಸಂತೋಷವನ್ನೂ ಪಟ್ಟರು. ವ್ಯಾಪಾರದಲ್ಲಿ ಇದೊಂದು ಹಳೆಯ ತಪ್ಪು: ಕಪಾಟು ಖಾಲಿಯಾದದ್ದನ್ನು ಕಂಡು ಸರಕು ಮಾರಿಹೋಯಿತು ಅಂದುಕೊಳ್ಳುವುದು. ಕಳವಾಗಿರಲೂಬಹುದು.

ಸಿಡಿ ಹೋಗಿ ಐದನೇ ವಾರ ಅವಳಿಗೆ ಜ್ವರ ಬಂತು. ಮೊದಲ ದಿನ ಮಾತ್ರೆ, ಎರಡನೇ ದಿನ ಡಾಕ್ಟರು, ಮೂರನೇ ದಿನ ಆಸ್ಪತ್ರೆ. ನಾಲ್ಕನೇ ದಿನ ಶಾಲೆಗೆ ರಜೆ ಕೊಟ್ಟರು.

ಮೂರು ವಾರ ಗುಂಡಿ ಅಂಗಡಿಯ ಬಾಗಿಲು ಅರ್ಧ ಎತ್ತಿಯೇ ಇತ್ತು. ಆಮೇಲೆ ಒಂದು ದಿನ ಶಾಲೆಗೆ ಕಾಗದ ಬಂತು. ನಿಮ್ಮ ವಿದ್ಯಾರ್ಥಿನಿ ಎರಡನೇ ಸುತ್ತಿಗೆ ಆಯ್ಕೆಯಾಗಿದ್ದಾಳೆ, ಇಂಥ ದಿನ ಖುದ್ದಾಗಿ ಬರತಕ್ಕದ್ದು. ಶಾಲೆಯ ದೊಡ್ಡ ಮೇಡಂ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು, "ನೀವೇ ಹೋಗಿ ಹೇಳಿ. ಮಾತು ನಿಮ್ಮ ಕಸುಬು," ಎಂದು ಮೇಷ್ಟರ ಮುಂದೆ ಇಟ್ಟರು.

ಹಿಂದೆಲ್ಲ ಹೆಂಡತಿಗಾಗಿ ಜಿಪ್ಪು ಕೊಳ್ಳಲು ಹೋದಾಗ ಸಾಹುಕಾರರು, "ಬನ್ನಿ ಮೇಷ್ಟ್ರೇ. ಗುಂಡಿ ಬಟ್ಟೆಗೋ, ಬಾಯಿಗೋ?" ಎಂದು ಕೆಣಕುತ್ತಿದ್ದರು. ಅಂಗಡಿಯ ಗೋಡೆ ತುಂಬ ಅಂಗೈ ಅಗಲದ ಖಾನೆಗಳು. ಒಂದೊಂದು ಖಾನೆಯ ಮುಖಕ್ಕೂ ಒಳಗಿರುವಂಥದ್ದೇ ಒಂದು ಗುಂಡಿಯನ್ನು ಕಟ್ಟಿತ್ತು. ಅವುಗಳ ಮುಂದೆ ಇವತ್ತು ಸಾಹುಕಾರರು ಕನ್ನಡಕವನ್ನು ಹಣೆಗೇರಿಸಿ ಸುಮ್ಮನೆ ಕೂತಿದ್ದರು. ಮೇಷ್ಟರು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ವಾಕ್ಯ ಬಾಗಿಲಲ್ಲೇ ಉಳಿಯಿತು. ಕಾಗದವನ್ನು ಗಲ್ಲಾದ ಮೇಲೆ ಇಟ್ಟರು.

ಸಾಹುಕಾರರು ಎರಡು ಸಲ ಓದಿದರು. ಓದಿ ಕೇಳಿದ್ದು ಬಹುಮಾನದ ಮಾತಲ್ಲ.

"ನೀವು ಕಳ್ಸಿದ್ದು ಅವಳು ಮಾತಾಡಿದ್ದನ್ನಾ? ಅವಳ ದನೀನೇ?"

"ಹೌದು."

"ಅದು ನಿಮ್ಮ ಹತ್ರ ಇದ್ಯಾ?"

"ಕಂಪ್ಯೂಟರಲ್ಲಿ ಇದೆ."

ಸಾಹುಕಾರರು ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದರು. "ಅವಳಮ್ಮ ದಿನಾ ಒಂದೇ ಹೇಳ್ತಾಳೆ ಮೇಷ್ಟ್ರೇ. ಮುಖಕ್ಕೆ ಫೋಟೋ ಇದೆ, ದನಿಗೆ ಏನಿದೆ, ಆಗ್ಲೇ ಮಸುಕಾಗ್ತಿದೆ ಅಂತ. ನೆಂಟರ ಮದುವೆ ವಿಡಿಯೋ ಕ್ಯಾಸೆಟ್ ಒಂದು ತಂದು ಹಾಕಿದ್ವಿ. ಬಾಯಿ ಆಡೋದು ಕಾಣತ್ತೆ, ಮೇಲೆ ಬರೀ ವಾದ್ಯದ ಸದ್ದು."

ಆಗಿನ್ನೂ ಜೇಬಿಗೊಂದು ಕ್ಯಾಮೆರಾ ಬಂದಿರದ ಕಾಲ. ಜನರ ದನಿ ಅವರ ಜೊತೆಗೇ ಹೋಗುತ್ತಿತ್ತು.

"ನಾಳೇನೇ ಬನ್ನಿ, ಅವರನ್ನೂ ಕರ್ಕೊಂಡು ಬನ್ನಿ," ಎಂದರು ಮೇಷ್ಟರು.

"ಮೊದಲು ನಾನೊಬ್ಬನೇ ಬರ್ತೀನಿ. ಸರಕು ಕಣ್ಣಲ್ಲಿ ನೋಡದೆ ಮನೆಗೆ ಒಯ್ಯೋನಲ್ಲ ನಾನು. ಅವಳಮ್ಮನಿಗೆ ತಡ್ಕೊಳ್ಳೋ ಹಾಗಿದ್ರೆ ಮಾತ್ರ ಹೇಳ್ತೀನಿ."

ಮೇಷ್ಟರು ಮನೆಗೆ ಹಗುರವಾಗಿ ನಡೆದರು. ಸಾವಿನ ಮನೆಗೆ ಬರಿಗೈಯಲ್ಲಿ ಹೋಗಿ ಬರಿಮಾತು ಆಡಿ ಬರುವವರೇ ಎಲ್ಲ. ತಮ್ಮ ಕೈಯಲ್ಲಿ ಕೊಡುವಂಥದ್ದು ಒಂದಿದೆ. ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಎಲ್ಲವನ್ನೂ ಕೇಳಿದರು.

"ಪೂರ್ತಿ ಇದ್ಯಾ?"

"ಚೊಕ್ಕ ಮಾಡಿದ್ದು ಇದೆ."

ಹೆಂಡತಿ ಸೂಜಿಗೆ ದಾರ ಪೋಣಿಸುತ್ತ, "ಆ ಮಗು 'ಅಂದ್ರೆ' ಅನ್ನದೆ ನನಗೆ ಒಂದು ಗುಂಡೀನೂ ಕೊಟ್ಟವಳಲ್ಲ," ಎಂದರು. ಮೇಷ್ಟರು ಕಾಲು ತೊಳೆಯಲು ಹೋದರು.

ಮರುದಿನ ಮೂರನೇ ಪಿರಿಯಡ್ಡು ಬಿಡುವು. ಸಾಹುಕಾರರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಕಂಬಳಿಯ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟರು, ಯಾರೂ ಬಿಡಲು ಹೇಳಿರಲಿಲ್ಲ. ಮೇಷ್ಟರು ಕುರ್ಚಿ ಎಳೆದು ಕೂರಿಸಿ ಹೆಡ್‌ಫೋನನ್ನು ತಾವೇ ಅವರ ಕಿವಿಗೆ ಹಾಕಿದರು. ಸಾಹುಕಾರರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.

ಪರದೆಯ ಮೇಲೆ ಗೆರೆ ಓಡಿತು, ಎಲ್ಲೂ ಅಡೆತಡೆಯಿಲ್ಲದ ಗೆರೆ. ಒಂದು ನಿಮಿಷ ಐವತ್ತೆಂಟು ಸೆಕೆಂಡು. ಮುಗಿದ ಮೇಲೂ ಸಾಹುಕಾರರು ಕಣ್ಣು ತೆರೆಯಲಿಲ್ಲ.

"ಇನ್ನೊಂದು ಸಲ ಹಾಕಿ."

ಹಾಕಿದರು. ಈ ಸಲ ಅವರು ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳಿದರು, ಕೂಗು ದೂರದಿಂದ ಬಂದಾಗ ಯಾರದ್ದೆಂದು ಗುರುತು ಹಿಡಿಯುವವರ ಹಾಗೆ. ಆಮೇಲೆ ಹೆಡ್‌ಫೋನು ತೆಗೆದರು.

"ಮಾತು ಅವಳದ್ದೇ. ಆ ಐದು ಗುಂಡಿ ತೋರಿಸೋ ಕಥೆ ನಾನೇ ಎಷ್ಟೋ ಸಲ ಹೇಳಿದ್ದು. ಆದ್ರೆ ಇದು ಅವಳಲ್ಲ ಮೇಷ್ಟ್ರೇ."

ಮೇಷ್ಟರ ಬಾಯಿಗೆ ಹಳೆಯ ಉತ್ತರ ತಾನಾಗಿ ಬಂತು. "ಮೊದಲ ಸಲ ಎಲ್ಲರಿಗೂ ಹಾಗೇ ಅನ್ನಿಸತ್ತೆ."

"ತಮ್ಮ ದನಿ ತಮಗೆ ಹಾಗನ್ನಿಸಬಹುದು. ಮಗಳದ್ದು ಅಪ್ಪನಿಗೆ ಹಾಗನ್ನಿಸತ್ತಾ?" ಸಾಹುಕಾರರ ದನಿಯಲ್ಲಿ ಜಗಳವಿರಲಿಲ್ಲ. ಗಿರಾಕಿಗೆ ಸರಕಿನ ಗುಣ ತಿಳಿಸುವ ದನಿ. "ಅದೇ ಬಣ್ಣ, ಅದೇ ಅಳತೆ, ಅದೇ ನಾಲ್ಕು ತೂತು. ಆದ್ರೂ ಆ ಅಂಗಿಯದ್ದಲ್ಲ ಅಂತ ಕೈಗೆ ಗೊತ್ತಾಗಲ್ವಾ, ಹಂಗೆ. ಅವಳು ನಗೋದು ಎಲ್ಲಿ? ಉಸಿರೇ ಎಳ್ಕೊಳ್ಳಲ್ವಲ್ಲ ಈ ಹುಡುಗಿ."

ಮೇಷ್ಟರು ಹೇಳಿದರು. ಕಲ್ಲು, ಕತ್ತರಿ, ಎರಡು ನಿಮಿಷದ ನಿಯಮ, ಎಲ್ಲವನ್ನೂ. ಅವರ ಜೀವನದಲ್ಲಿ ಅಷ್ಟು ಎಡವಿ ಮಾತಾಡಿದ್ದು ಅದೇ ಮೊದಲು. ಎಣಿಸಲು ಯಾರೂ ಇರಲಿಲ್ಲ.

"ಸೋಸಿದ್ದು ಸರಿ. ಸೋಸದೇ ಇದ್ದದ್ದು?"

"ಪ್ರತಿ ಶನಿವಾರ ಅಳಿಸ್ತೀನಿ."

"ಯಾವುದಾದ್ರೂ ಒಂದು ಉಳಿದಿರಬಹುದೇನೋ, ನೋಡಿ. ನಮ್ಮ ಖಾನೆ ಸಂದೀಲೂ ಒಂದೊಂದು ಗುಂಡಿ ಸಿಕ್ಕಿಹಾಕ್ಕೊಂಡಿರತ್ತೆ."

ಮೇಷ್ಟರು ಹುಡುಕಿದರು. ಕಂಪ್ಯೂಟರಿನ ಕಸದ ಬುಟ್ಟಿ ನೋಡಿದರು; ಖಾಲಿ. ಹಿಂದಿನ ವರ್ಷದ ಫೈಲುಗಳನ್ನು ತೆರೆದರು. ಅವಳದ್ದು ಮೂರಿತ್ತು, ಮೂರೂ ಸೋಸಿದ್ದೇ. ಬೇರೆ ಹುಡುಗರ ಮಾತಿನ ಹಿಂದೆಯಾದರೂ ಅವಳ ನಗು ಕೇಳಬಹುದೆಂದು ಒಂದೊಂದಾಗಿ ಹಾಕಿದರು. ಅವಳು ಕೂರುತ್ತಿದ್ದುದು ಹಿಂದಿನ ಬೆಂಚಿನಲ್ಲಿ, ಯಾರು ತಪ್ಪಿದರೂ ಮೊದಲು ನಗುತ್ತಿದ್ದವಳು. ಇಪ್ಪತ್ತಾರು ಫೈಲುಗಳು. ಎಲ್ಲದರ ಹಿಂದೆಯೂ ಬಾವಿಯ ತಳದಂಥ ಮೌನ. ಯಂತ್ರ ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿತ್ತು. ಅಂಥ ಆಳು ಸಿಗುವುದು ಪುಣ್ಯ ಎಂದು ಮೇಷ್ಟರು ಎಷ್ಟೋ ಸಲ ಹೊಗಳಿದ್ದರು. ಗಂಟೆ ಹೊಡೆಯಿತು, ಹೊರಗೆ ಹುಡುಗರು ಕೋಣೆ ಬದಲಿಸುವ ಗದ್ದಲ ಎದ್ದು ಅಡಗಿತು. ನಾಲ್ಕನೇ ಪಿರಿಯಡ್ಡಿನ ಪಾಠಕ್ಕೆ ಮೇಷ್ಟರು ಹೋಗಲಿಲ್ಲ, ಕರೆಯಲೂ ಯಾರೂ ಬರಲಿಲ್ಲ.

ಕೊನೆಗೆ ಸಾಹುಕಾರರೇ ಅವರ ಕೈಯ ಮೇಲೆ ಕೈಯಿಟ್ಟು ಮೌಸನ್ನು ನಿಲ್ಲಿಸಿದರು.

"ಸಾಕು ಬಿಡಿ. ಕೊನೇ ತಿಂಗಳು ಮನೇಲೂ ಹಿಂಗೇ ಇದ್ಲು. ಊಟಕ್ಕೆ ಕೂತ್ರೆ ಬಾಯಿ ತೆಗೀತಿದ್ಲು, ಒಂದು ಗಳಿಗೆ ನಿಲ್ತಿದ್ಲು, ಮುಚ್ಚಿಬಿಡ್ತಿದ್ಲು. ಏನೇ ಪುಟ್ಟಿ ಅಂದ್ರೆ ಪ್ರಾಕ್ಟೀಸು ಅಪ್ಪ ಅಂದ್ಲು. ಮೊದಲು ಅಂಗಡೀಲಿ ಅವಳ ಬಾಯಿಗೆ ಬೀಗ ಹಾಕೋಕೆ ನಾನೇ ಬೀಗ ಹುಡುಕ್ತಿದ್ದೆ. ಅವಳಮ್ಮ ಅಂದ್ಲು, ದೊಡ್ಡವಳಾದ್ಲು ಬಿಡಿ, ಅದಕ್ಕೇ ಮಾತು ಕಡಿಮೆ ಅಂತ."

ಮೇಷ್ಟರು ಪರದೆಯ ಕಡೆ ನೋಡಿದರು. ಎರಡು ಕಲ್ಲು ಎಂದು ತಾವೇ ಬೋರ್ಡಿನ ಮೇಲೆ ಬರೆದು, ಕೆಳಗೆ ಶಭಾಷ್ ಎಂದು ಗೆರೆ ಎಳೆದದ್ದು ಯಾವ ದಿನ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟರು. ತಪ್ಪಾಯಿತು ಎನ್ನಬೇಕೆಂದಿದ್ದರು. ಆದರೆ ಆ ಮಾತು ಇಷ್ಟು ದೊಡ್ಡ ಸರಕನ್ನು ಕಟ್ಟಲು ಸಾಲುವ ದಾರವಲ್ಲ.

"ಇದನ್ನೂ, ಆ ಹಳೇ ಮೂರನ್ನೂ ಅಳಿಸಿಬಿಡಿ," ಎಂದರು ಸಾಹುಕಾರರು.

"ಯಾಕೆ ಸಾಹುಕಾರ್ರೇ? ಇಷ್ಟಾದ್ರೂ ಇರಲಿ."

"ಇದ್ರೆ ಅವಳಮ್ಮ ಕೇಳ್ತಾಳೆ. ಒಂದು ಸಲ ಕೇಳಿದ್ರೆ ದಿನಾ ಕೇಳ್ತಾಳೆ. ಕೇಳ್ತಾ ಕೇಳ್ತಾ ಇದೇ ನಿಜ ಆಗ್ಹೋಗತ್ತೆ. ಕಿವೀಲಿ ಇನ್ನೂ ಚೂರುಪಾರು ಉಳಿದಿದ್ಯಲ್ಲ, ಅದೂ ಹೋಗತ್ತೆ. ಮಿಷನ್ ಕೆಟ್ಟಿತ್ತು, ಏನೂ ಸಿಗ್ಲಿಲ್ಲ ಅಂತ ಹೇಳ್ತೀನಿ. ನಿಮ್ಮನ್ನ ಕೇಳಿದ್ರೆ ನೀವೂ ಅದನ್ನೇ ಹೇಳ್ಬೇಕು."

ಮೇಷ್ಟರು ನಾಲ್ಕನ್ನೂ ಹಿಡಿದು ಒತ್ತಿದರು. ಪರದೆಯ ಮೇಲೆ ಒಂದು ಚೌಕ ಎದ್ದಿತು.

"ಏನಂತೆ?"

"ಖಂಡಿತ ಅಳಿಸಲಾ ಅಂತ ಕೇಳ್ತಿದೆ."

"ಅದಕ್ಕೇನು ಗೊತ್ತು. ಒತ್ತಿ."

ಒತ್ತಿದರು. ಸಾಹುಕಾರರು ಎದ್ದು ಕನ್ನಡಕ ಹಾಕಿಕೊಂಡರು. ಬಾಗಿಲ ಹತ್ತಿರ ಚಪ್ಪಲಿಗೆ ಕಾಲು ತೂರಿಸುತ್ತ ವ್ಯಾಪಾರದ ಬುದ್ಧಿಗೆ ಏನೋ ಹೊಳೆದು ತಿರುಗಿದರು.

"ಆ ಸಿಡಿ? ಸ್ಪರ್ಧೆಯವರ ಹತ್ರ ಇದ್ಯಲ್ಲ?"

"ಇದೆ. ವಾಪಸ್ ಕೇಳಿ ತರಿಸಲಾ?"

ಸಾಹುಕಾರರು ಇನ್ನೊಂದು ಚಪ್ಪಲಿಗೂ ಕಾಲು ತೂರಿಸಿದರು. "ಬೇಡ. ಅಲ್ಲೇ ಇರ್ಲಿ. ಅವರು ಅವಳನ್ನ ನೋಡಿಲ್ವಲ್ಲ."

ಮಾತಿನ ತರಗತಿ ಆ ವಾರ ನಡೆಯಲಿಲ್ಲ. ಮುಂದಿನ ವಾರ ಹುಡುಗರು ಬಂದು ಕೂತು ಅಭ್ಯಾಸದಂತೆ ಡೆಸ್ಕಿನ ಮೇಲೆ ಬೆರಳಿಟ್ಟುಕೊಂಡು ಕಾದರು. ಮೇಷ್ಟರು ಭಾಷೆಯ ಪುಸ್ತಕ ತೆರೆದು ಪಾಠ ಓದಿಸಿದರು. ಕಂಪ್ಯೂಟರು ಕೆಟ್ಟಿದೆಯಾ ಸಾರ್ ಎಂದು ಒಬ್ಬ ಕೇಳಿದ. ಹೌದು ಎಂದರು. ಆ ಸುಳ್ಳನ್ನು ಹೇಗೂ ಅಭ್ಯಾಸ ಮಾಡಿಕೊಳ್ಳಬೇಕಿತ್ತು.

ಹದಿನೈದು ದಿನದ ಮೇಲೆ ಹೆಂಡತಿ ಕಪ್ಪು ದಾರಕ್ಕೆಂದು ಕಳಿಸಿದಾಗ ಗಲ್ಲಾದಲ್ಲಿ ಹುಡುಗಿಯ ತಾಯಿ ಕೂತಿದ್ದರು. ಯಜಮಾನರು ಸರಕು ತರಲು ಹೋಗಿದ್ದಾರೆ ಎಂದರು. ದಾರದ ಉಂಡೆಯನ್ನು ಕಾಗದದಲ್ಲಿ ಸುತ್ತಿದರು, ಆದರೆ ಕೊಡದೆ ಕೈಯಲ್ಲೇ ಹಿಡಿದುಕೊಂಡರು.

"ಮಿಷನ್ ಕೆಟ್ಟಿತ್ತಂತೆ, ಮೇಷ್ಟ್ರೇ."

"ಹೌದು ತಾಯಿ. ಕೆಟ್ಟಿತ್ತು."

"ಪಾಪ, ನೀವು ಎಷ್ಟು ಹುಡುಕಿದ್ರಂತೆ. ಇವರು ಹೇಳಿದ್ರು." ಅವರು ಮೇಷ್ಟರನ್ನು ಸಮಾಧಾನ ಮಾಡುವವರ ಹಾಗೆ ತಲೆಯಾಡಿಸಿದರು. "ದನಿ ಇಲ್ದಿದ್ರೆ ಬೇಡ. ಏನು ಹೇಳಿದ್ಲು ಅನ್ನೋದಾದ್ರೂ ನಿಮಗೆ ಜ್ಞಾಪಕ ಇರಬೇಕಲ್ಲ?"

ಎರಡು ಸಂಜೆ ಕೂತು ಒಂದೊಂದು ಪದವನ್ನೂ ಮುಟ್ಟಿ ನೋಡಿದವರಿಗೆ ಜ್ಞಾಪಕ ಇಲ್ಲದೆ ಏನು. ಮೇಷ್ಟರು ಗಲ್ಲಾದ ಈಚೆ ನಿಂತು ಹೇಳತೊಡಗಿದರು. ಒಂದೇ ಗುಂಡಿ ಉದುರಿಹೋದವರು, ಬೆರಳಿನಿಂದ ತೋರಿಸುವ ಐದು, ಸಿಗದ ಒಂದು. ಆರು ವರ್ಷದ ಗಾಜಿನ ಗೂಡು ಅವರ ನಾಲಗೆಯನ್ನು ತಿದ್ದಿತ್ತು. ಮಾತು ಎಲ್ಲೂ ನಿಲ್ಲದೆ ಕೊನೆಯವರೆಗೆ ಹರಿದುಹೋಯಿತು. ತಾಯಿ ಅವರ ಬಾಯಿಯನ್ನೇ ನೋಡುತ್ತ ಕೇಳಿದರು. ನಡುವೆ ಗಿರಾಕಿಯೊಬ್ಬ ಬಂದು, ಇಬ್ಬರ ಮುಖ ನೋಡಿ, ಆಮೇಲೆ ಬರುತ್ತೇನೆಂದು ಹೋದ.

ಮುಗಿದ ಮೇಲೆ ಅವರು ದಾರದ ಉಂಡೆಯನ್ನು ಮುಂದೆ ಚಾಚಿದರು.

"ಇಷ್ಟು ಸಲೀಸಾಗಿ ಹೇಳಿಬಿಟ್ಲಾ ನನ್ನ ಮಗಳು?"

"ಇಲ್ಲ ತಾಯಿ," ಎಂದರು ಮೇಷ್ಟರು. "ತುಂಬ ಹೊತ್ತು ತಗೊಂಡ್ಲು."